ಎಡಗೈಲೆ ಬಿಡಲಾರದ ಎಳ್ಳುನೀರು

ವಿಳಂಬಿ ಸಂವತ್ಸರ, ಬ್ರೂಸ್‌ಪೇಟೆ, ಬಳ್ಳಾರಿ

ಸೌಭಾಗ್ಯವತಿ ತುಂಗಾಬಾಯಿಗೆ,

ಟಪಾಲಿಗೆ ಹಾಕೂ ಪತ್ರ ಅಲ್ಲ ಇದು. ಇವತ್ತು ನಿನ್ನ ವರ್ಷದ ಶ್ರಾದ್ಧ ಆತು. ನಾ ಮಾಡಲಿಲ್ಲ. ಸಿರುಗುಪ್ಪದಿಂದ ಅಣ್ಣನ ಮಗ ವಾಸುದೇವ ಬಂದು ಮಾಡಿದ.

ಲಕ್ವಾ ಹೊಡೆದು ನನ್ನ ಬಲಗೈ ಸ್ವಾಧೀನ ತಪ್ಪಿದಾಗ, ನೀ ದಿನಾ ಅಂಗೈಯಾಗ ಅಡಿಕಿ ಇಟ್ಟು ಹಿಡೀರಿ ಅಂತಿದ್ದಿ. ಅದು ಉರುಳಿ ಬೀಳತಿತ್ತು. ನಾ ಸಿಟ್ಟಿಲೆ ಗೋಡಿ ಕಡೆ ತಿರುಗಿದರ, "ಬಿದ್ದದ್ದು ನೋಡಬ್ಯಾಡ್ರಿ. ನಿನ್ನಿಗಿಂತ ಬೆರಳು ಎಷ್ಟು ಬಾಗಿತು, ಅಷ್ಟು ನೋಡ್ರಿ" ಅಂತಿದ್ದಿ. ಎಡಗೈಲೆ ಬರಿಯೂದೂ ನೀನ ಹಟಹಿಡಿದು ಕಲಿಸಿದಿ. ನೋಡು, ಈಗ ಸಾಲು ಸೊಟ್ಟ ಹೋಗೂದಿಲ್ಲ.

ಆದರ ಎಳ್ಳುನೀರು ಎಡಗೈಲೆ ಬಿಡಲಿಕ್ಕೆ ಬರೂದಿಲ್ಲಲ್ಲ. ವರ್ಷಪೂರ್ತಿ ಬಲಗೈ ಬಗ್ಗಿಸಿ ಬಗ್ಗಿಸಿ ಇವತ್ತಿಗೆ ಅಣಿ ಮಾಡಿದ್ದೆ. ಆಚಾರ್ರು ಅಂಗೈಗೆ ಎಳ್ಳು ಹಾಕಿ ನೀರು ಬಿಟ್ಟರು. ಬೆರಳು ಕೂಡಲಿಲ್ಲ. ಹೆಬ್ಬೆರಳಿನ ಬದಿಯಿಂದ ಜಾರಿ ಎಲಿ ಮ್ಯಾಲ ಬೀಳಬೇಕಾದದ್ದು ಎಲ್ಲಾ ಧೋತರದ ಮ್ಯಾಲ ಸುರೀತು. "ಇರಲಿ ರಾಯರ, ವಾಸುದೇವ ಬಿಡಲಿ" ಅಂದರು. ನಾ ಎದ್ದು ಕಂಬದ ಹಿಂದ ಹೋಗಿ ಕೂತೆ.

ಬಂದವರು ಊಟಾ ಮುಗಿಸಿ ಹೋದ ಮ್ಯಾಲ ಹಿತ್ತಲದಾಗ ಒಬ್ಬನ ಕೂತು ಮತ್ತ ಎಳ್ಳು ಹಿಡಿದು ನೋಡಿದೆ. ಈ ಸಲನೂ ಎಳ್ಳು ಚೆಲ್ಲಿದವು. ತೋರುಬೆರಳು ಮಾತ್ರ ನಿನ್ನಿಗಿಂತ ಒಂದೀಟು ಹೆಚ್ಚು ಬಾಗಿತು. ನಾ ಅಡಿಗಿಮನಿ ಕಡೆ ತಿರುಗಿ, "ಇಲ್ಲಿ ಬಂದು ನೋಡು" ಅಂತ ಕೂಗಿದೆ.

ವಾಸುದೇವ ಬಾಗಿಲಿಗೆ ಬಂದು, "ಯಾರನ್ನ ಕರದ್ರಿ, ಕಾಕಾ?" ಅಂದ.