ಎಡಗಡೆಯ ಸಣ್ಣ ಬಾಗಿಲು

ಮಾರ್ಚ್ ೬, ಗುರುವಾರ

ಮಲಗಿದವಳು ಎದ್ದು ಬಂದೆ. ಆ ಬಾಗಿಲು ತಲೆಯಿಂದ ಹೋಗುತ್ತಿಲ್ಲ.

ಊರಿನ ಹಳೇ ಮಿಲ್ಲಿನ ಕಥೆಯನ್ನು ನಾನು ಪಾಠ ಹೇಳುವ ನಾಲ್ಕನೇ ತರಗತಿಯ ಮಕ್ಕಳು ವಿಡಿಯೊ ಮಾಡಿದ್ದಾರೆ. ದನಿ ಅವರದು, ಚಿತ್ರ ನನ್ನದು. ಮಿಲ್ಲು ಸುಟ್ಟುಹೋಗಿ ಒಂದು ಫೋಟೊವೂ ಉಳಿದಿಲ್ಲ. ಹಾಗಾಗಿ ಅಂದಾಜಿನ ಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿದ್ದೆ. ಇವತ್ತು ಮಕ್ಕಳ ಮನೆಯವರನ್ನೆಲ್ಲ ಶಾಲೆಗೆ ಕರೆದು ತೋರಿಸಿದೆವು. ನಮ್ಮ ಕ್ಲಾಸಿನ ಬಾಯಿಬಡುಕಿಯ ತಾತ ಅಲ್ಲೇ ಮಗ್ಗ ನಡೆಸಿದವರು. ಎದ್ದು ಪರದೆಯ ಹತ್ತಿರ ಹೋಗಿ, ಎಡಗಡೆಯ ಸಣ್ಣ ಬಾಗಿಲ ಮೇಲೆ ಬೆರಳಿಟ್ಟರು.

“ಇದೇ ನೋಡು ಪುಟ್ಟಿ. ದಿನಾ ಮಧ್ಯಾಹ್ನ ನಿಮ್ಮಜ್ಜಿ ಊಟದ ಡಬ್ಬಿ ಹಿಡ್ಕೊಂಡು ಇಲ್ಲೇ ನಿಂತಿರೋಳು. ಅವಳು ಹೋದ್ಮೇಲೆ ಇವತ್ತೇ ಅವಳನ್ನ ನೋಡಿದ ಹಾಗಾಯ್ತು.”

ಹೆಡ್ ಮೇಡಂ ಕಣ್ಣೊರೆಸಿಕೊಂಡು, “ಇದನ್ನೂ ರೆಕಾರ್ಡ್ ಮಾಡಿ ಸೇರಿಸ್ಬಿಡಿ” ಅಂದರು.

ಅಲ್ಲಿ ಬಾಗಿಲಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಗೋಡೆ ಬೋಳಾಗಿ ಕಂಡಿತೆಂದು ಎಳೆದಿದ್ದೆ, ಅಷ್ಟೇ.

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಗಿ, ಅಲ್ಲೊಂದು ಬಾಗಿಲು ನಿಜವಾಗಿಯೂ ಇದ್ದಿರಬಹುದು. ಇಲ್ಲದಿದ್ದರೆ? ಇಷ್ಟು ವರ್ಷ ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಬಾಗಿಲಿನ ಮೇಲೆ ನಾನು ಬಣ್ಣ ಬಳಿದುಬಿಟ್ಟೆನೇ? ಮಕ್ಕಳಂತೂ ಇದನ್ನೇ ಇತಿಹಾಸ ಅಂದುಕೊಂಡು ಮನೆಗೆ ಹೋದರು.

ಅಕ್ಕನಿಗೆ ಹೇಳಿದರೆ, “ಅಜ್ಜಿ ಡಬ್ಬಿ ತಂದಿದ್ದು ನಿಜ ತಾನೇ? ಬಾಗಿಲು ಎಲ್ಲಿದ್ರೇನು, ಮಲ್ಕೋ ಹೋಗು” ಅಂದಳು. ಅವಳು ಆಗಲೇ ಗೊರಕೆ ಹೊಡೆಯುತ್ತಿದ್ದಾಳೆ.

ಈಗಷ್ಟೇ ಕಂಪ್ಯೂಟರ್ ತೆರೆದು ಬಾಗಿಲನ್ನು ಅಳಿಸಿ ನೋಡಿದೆ. ಗೋಡೆ ಮತ್ತೆ ಬೋಳು. ಡಬ್ಬಿ ಹಿಡಿದು ಬಂದ ಆಕೆ ಇನ್ನು ಎಲ್ಲಿ ನಿಲ್ಲಬೇಕು?