ಫಕೀರವ್ವನ ಉಳಿದ ಆಟ

ನೆರಳೂರು,
ಉರಿಮಾಸದ ನಲವತ್ತೊಂದನೆಯ ದಿನ, ಶಕವರ್ಷ ೨೧೪೦

ಆ ಕಬಡ್ಡಿ ಫೈನಲನ್ನು ರೆಕಾರ್ಡ್ ಮಾಡಿಕೊಂಡ ಮನೆಯವರಿಗೆ,

ನಿಮಗಿಂತ ಎಷ್ಟೋ ತಲೆಮಾರು ಮುಂದಿನ ಕಾಲದಿಂದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಬರೆಯುತ್ತಿದ್ದೇನೆ; ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ನಿಮ್ಮ ಪಂಚಾಂಗದಲ್ಲಿ ಉರಿಮಾಸವೆಂಬುದಿಲ್ಲ, ಯಾವ ಮಾಸಕ್ಕೂ ನಲವತ್ತೊಂದು ದಿನಗಳಿಲ್ಲ ಎಂಬುದನ್ನು ಬಲ್ಲೆ. ವೈಶಾಖ ಕಳೆದರೂ ಬಿಸಿಲು ಕಳೆಯದೆ ಹೋದಾಗ ನಮ್ಮ ಹಿರಿಯರು ಈ ಮಾಸವನ್ನು ನಡುವೆ ಸೇರಿಸಿದರು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಾಚಿಕೆಯಿಂದ ಬರೆಯುತ್ತಿದ್ದೇನೆ, ಅದರಿಂದಲೂ ಮಾತು ತಡವರಿಸೀತು.

ನೆರಳೂರೆಂದರೆ ಮೇಲೆ ಬಟ್ಟೆ ಹೊದಿಸಿದ ಊರು. ಹಗಲೆಲ್ಲ ತಂಪುಕೋಣೆಗಳಲ್ಲಿ, ನೆಲದಡಿ, ನೂಲುತ್ತ, ಕಾಳು ಬಿಡಿಸುತ್ತ ಇರುತ್ತೇವೆ. ಹೊತ್ತು ಇಳಿದ ಮೇಲೆ ಬಟ್ಟೆಯನ್ನು ಸುತ್ತಿ ಸರಿಸುತ್ತಾರೆ. ಊರಿಗೆ ಊರೇ ಕಬಡ್ಡಿ ಅಂಕಣದ ಸುತ್ತ ಸೇರುತ್ತದೆ. ಇದು ಬರಿಯ ಆಟವಲ್ಲ. ಊರಿನ ಪರವಾಗಿ ಅಂಕಣಕ್ಕೆ ಇಳಿದವರಿಗೆ ಮಾತ್ರ ಊರಸಭೆಯಲ್ಲಿ ಕೂರುವ ಹಕ್ಕು. ನೀರಿನ ಸರದಿಯನ್ನು ಗೊತ್ತುಮಾಡುವವರು ಅವರೇ. ನನ್ನ ಹೆಸರು ಚಂಪವ್ವ. ನಾನೂ ಆ ಸಭೆಯಲ್ಲಿ ಕೂರುವವಳು.

ನಿಮ್ಮ ರೆಕಾರ್ಡರ್ ನಮ್ಮಲ್ಲಿದೆ. ಹೊಳೆ ಹಳೆಯ ಊರನ್ನು ನುಂಗಿದಾಗ ಜನ ದಿಕ್ಕಾಪಾಲಾದರು. ಆ ಕಾಲವನ್ನು ನಾವು ದೊಡ್ಡ ಎತ್ತಂಗಡಿ ಎನ್ನುತ್ತೇವೆ. ಯಾರದೋ ಹಾಸಿಗೆಯ ಸುರುಳಿಯಲ್ಲಿ ಆ ಪೆಟ್ಟಿಗೆ ಬದುಕಿ ಬಂತು. ನಮ್ಮ ಹಳೆಯ ಊರಿನ ಹೆಣ್ಣುಮಕ್ಕಳು ಫೈನಲ್ ಆಡಿದ್ದು ಅದರಲ್ಲಿದೆ. ಪ್ರತಿವರ್ಷ ಊರು ನೆಲೆನಿಂತ ದಿನ ಅದನ್ನು ಸುಣ್ಣದ ಗೋಡೆಯ ಮೇಲೆ ಬಿಟ್ಟು ನೋಡುತ್ತಿದ್ದೆವು. ಪಂದ್ಯ ಸಮವಾಗಿ, ಹೆಚ್ಚುವರಿ ಆಟಕ್ಕೆ ಹೋಗುತ್ತದೆ. ಫಕೀರವ್ವ ಎಂಬಾಕೆ ಎದುರಾಳಿಯ ಕಾಲು ಹಿಡಿಯುತ್ತಾಳೆ, ಹಿಡಿತ ಜಾರುತ್ತದೆ, ಆ ಹುಡುಗಿ ನಡುಗೆರೆ ದಾಟಿಬಿಡುತ್ತಾಳೆ. ನಮ್ಮವರು ಒಂದು ಅಂಕ ಹಿಂದೆ. ಫಕೀರವ್ವ ಮುಖ ಮುಚ್ಚಿಕೊಂಡು ಕೂತಿದ್ದಾಳೆ. ಅಲ್ಲಿಗೆ ಗೋಡೆ ಕಪ್ಪಾಗುತ್ತದೆ. ರೆಕಾರ್ಡ್ ಮಾಡಲು ನೀವು ಪೆಟ್ಟಿಗೆಗೆ ಕೊಟ್ಟಿದ್ದ ಸಮಯ ಮುಗಿದಿತ್ತು.

ನಾವು ಅದನ್ನೇ ಸೋಲೆಂದು ತಿಳಿದೆವು. ಫಕೀರವ್ವ ಎತ್ತಂಗಡಿಯ ದಾರಿಯಲ್ಲೇ ತೀರಿಕೊಂಡಿದ್ದಳು. ಅವಳ ಮಗಳು ‘ನಮ್ಮವ್ವ ಗೆದ್ದು ಬಂದಿದ್ದಳು’ ಎಂದು ಹೇಳುತ್ತಲೇ ಇದ್ದಳಂತೆ. ಪೆಟ್ಟಿಗೆ ಸುಳ್ಳಾಡುವುದೇ ಎಂದು ಜನ ನಕ್ಕರು. ಕೊಡ ಜಾರಿಸಿದ ಮಗುವಿಗೆ ‘ಫಕೀರವ್ವ ಆಗಬೇಡ’ ಎನ್ನುವುದು ನಮ್ಮಲ್ಲಿ ಗಾದೆಯೇ ಆಯಿತು. ಆ ಮನೆಯ ಕೈ ಸಡಿಲ ಎಂದು ಅವರ ಮನೆಯ ಯಾರನ್ನೂ ಅಂಕಣಕ್ಕೆ ಇಳಿಸಲಿಲ್ಲ. ಅಂಕಣವಿಲ್ಲದ್ದರಿಂದ ಸಭೆಯಿಲ್ಲ, ಸಭೆಯಿಲ್ಲದ್ದರಿಂದ ಅವರ ಮನೆಗೆ ನೀರು ಯಾವಾಗಲೂ ಕೊನೆಗೆ, ಕೆಸರು ಕಲೆತ ಮೇಲೆ.

ಈಗ ಆ ಮನೆಯಲ್ಲಿರುವವಳು ನಿಂಬೆವ್ವ. ಬೆದರಿ ಓಡುವ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುವವಳು. ಹದಿನೆಂಟರ ವಯಸ್ಸಿನಲ್ಲಿ ಒಮ್ಮೆ ಆಡುತ್ತೇನೆಂದು ಬಂದು ಅಂಕಣದ ಅಂಚಿನಲ್ಲಿ ನಿಂತಿದ್ದಳು. ಯಾರೂ ಬೇಡವೆನ್ನಲಿಲ್ಲ. ಆದರೆ ಅವಳ ಮುಂದೆಯೇ ತಂಡವನ್ನು ಪೂರ್ತಿ ಮಾಡಿಕೊಂಡು ಆಟ ಶುರುಮಾಡಿದರು. ಅವಳು ಮತ್ತೆ ಬರಲಿಲ್ಲ. ಈಗ ಅವಳಿಗೆ ನಲವತ್ತು ದಾಟಿದೆ.

ಈ ವರ್ಷ ಸಾಮೂಹಿಕ ಅಡುಗೆಮನೆಯ ಇಮಾಮಸಾಬ ಒಂದು ಆಸೆ ಮುಂದಿಟ್ಟ. ನಿಮ್ಮ ಪೆಟ್ಟಿಗೆಯ ಪಟ್ಟಿಯಲ್ಲಿ ಪಂದ್ಯದ ಹೆಸರಿನ ಕೆಳಗೇ ನೀವು ರೆಕಾರ್ಡ್ ಮಾಡಿಕೊಂಡ ಅಡುಗೆ ಕಾರ್ಯಕ್ರಮವೊಂದರ ಹೆಸರಿತ್ತು, ಅದನ್ನು ಯಾರೂ ತೆರೆದಿರಲಿಲ್ಲ. ಹಳೆಯ ಕಾಲದ ಎಣ್ಣೆಗಾಯಿ ಹೇಗೆ ಮಾಡುತ್ತಿದ್ದರೋ ನೋಡಬೇಕು ಎಂದ. ನಾಲ್ಕಾರು ಜನ ಕೂತೆವು. ಗೋಡೆ ಬೆಳಗಿದಾಗ ಬದನೆಕಾಯಿ ಕಾಣಲಿಲ್ಲ, ಅಂಕಣ ಕಂಡಿತು. ಪಂದ್ಯ ತಡವಾಗಿದ್ದರಿಂದ ವಾಹಿನಿಯವರು ಅಡುಗೆಯನ್ನು ಮುಂದೂಡಿದ್ದರು. ಪೆಟ್ಟಿಗೆ ಮಾತ್ರ ನೀವು ಹೇಳಿದ ಹೊತ್ತಿಗೆ ಸರಿಯಾಗಿ, ಅಡುಗೆಯೆಂದೇ ನಂಬಿ, ಆಟದ ಉಳಿದ ಭಾಗವನ್ನು ಹಿಡಿದಿಟ್ಟಿತ್ತು. ಫಕೀರವ್ವ ಮುಖದಿಂದ ಕೈ ತೆಗೆದು ಎದ್ದಳು. ಕೊನೆಯ ದಾಳಿಗೆ ಅವಳೇ ಹೋದಳು. ಮೂವರು ಅವಳ ಮೇಲೆ ಬಿದ್ದರು. ಮೂವರನ್ನೂ ಎಳೆದುಕೊಂಡು, ಹೊಟ್ಟೆಯ ಮೇಲೆ ತೆವಳಿ, ಬೆರಳ ತುದಿಯನ್ನು ನಡುಗೆರೆಗೆ ತಾಗಿಸಿದಳು. ಗೆದ್ದಳು. ನಮ್ಮಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಣ್ಣೆಗಾಯಿ ಶುರುವಾದಾಗಲೂ ಹಾಗೆಯೇ ಕೂತಿದ್ದೆವು.

ಮರುದಿನ ಸಭೆಯವರೆಲ್ಲ ಹಾರ ಹಿಡಿದು ನಿಂಬೆವ್ವನ ಮನೆಗೆ ಹೋದೆವು. ನಡೆದದ್ದನ್ನು ಹೇಳಿದೆವು. ಇನ್ನು ಮುಂದೆ ಸಭೆಯಲ್ಲಿ ಅವಳಿಗೆ ಮೊದಲ ಜಾಗ, ನೀರಿಗೂ ಮೊದಲ ಸರದಿ ಎಂದೆವು. ಅವಳು ಹಾರಕ್ಕೆ ಕೈಯೊಡ್ಡಲಿಲ್ಲ.

“ಆಕಿ ಗೆದ್ದಾಳಂತ ಗೊತ್ತಾಗಿ ಬಂದೀರಿ,” ಎಂದಳು. “ಖರೇನ ಸೋತಿದ್ರ ಏನ್ ಮಾಡ್ತಿದ್ರಿ?”

ದಾರಿಯುದ್ದಕ್ಕೂ ತಪ್ಪನ್ನು ಪೆಟ್ಟಿಗೆಯ ತಲೆಗೆ ಕಟ್ಟುತ್ತ ಬಂದಿದ್ದೆವು. ಅವಳ ಮಾತು ಕೇಳಿದ ಮೇಲೆ ಅದು ಸಾಧ್ಯವಾಗಲಿಲ್ಲ. ಪೆಟ್ಟಿಗೆ ನುಂಗಿದ್ದು ಆಟದ ಒಂದು ಚೂರನ್ನು. ಆ ಮನೆಗೆ ಕೆಸರು ನೀರು ಕೊಟ್ಟವರು ನಾವು.

ಈಗ ನೀರಿನ ಸರದಿಗೂ ಅಂಕಣಕ್ಕೂ ಸಂಬಂಧವಿಲ್ಲ. ಆಡಿದವರೂ ಆಡದವರೂ ಸಭೆಯಲ್ಲಿ ಕೂರಬಹುದು. ನಿಂಬೆವ್ವ ಒಮ್ಮೆ ಬಂದು ಬಾಗಿಲ ಬಳಿ ಕೂತು, ಸಭೆ ಮುಗಿಯುವ ಮೊದಲೇ ಎದ್ದು ಹೋದಳು. ಮಕ್ಕಳ ಬಾಯಲ್ಲಿ ಆ ಗಾದೆ ಇನ್ನೂ ಬರುತ್ತದೆ. ಬೈದರೆ ಯಾಕೆಂದು ಕೇಳುತ್ತಾರೆ, ಮೊದಲಿಂದ ಹೇಳಬೇಕಾಗುತ್ತದೆ. ಹೇಳುತ್ತೇವೆ.

ನಿಮ್ಮನ್ನು ದೂರಲು ಬರೆದದ್ದಲ್ಲ ಇದು. ಆಟ ಯಾವಾಗ ಮುಗಿಯುತ್ತದೆಂದು ಮೊದಲೇ ಯಾರಿಗೆ ಗೊತ್ತು? ಒಂದು ಕೋರಿಕೆ ಮಾತ್ರ ಇದೆ. ಫಕೀರವ್ವ ನಿಮ್ಮ ಊರಿನವಳೇ, ನಿಮ್ಮ ಕಾಲದಲ್ಲಿ ಇನ್ನೂ ಬದುಕಿದ್ದಾಳೆ. ಈ ಕಾಗದ ಮುಟ್ಟುವ ಹೊತ್ತಿಗೆ ಊದಿಕೊಂಡ ಮೊಣಕಾಲಿಗೆ ಬಿಸಿ ಅರಿಶಿನ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿರಬಹುದು. ನಮ್ಮ ಸುದ್ದಿ ಅವಳಿಗೆ ಬೇಡ. ಆ ಅಡುಗೆ ಕಾರ್ಯಕ್ರಮವನ್ನು ಮೊದಲು ನೀವು ತೆರೆದು ನೋಡಿ. ಆಮೇಲೆ ಅವಳಲ್ಲಿಗೆ ಹೋಗಿ, ಆಟವನ್ನು ಪೂರ್ತಿ ನೋಡಿದೆ ಎಂದು ಹೇಳಿ ಬನ್ನಿ.