ಪದವಿಯ ದಿನ ಊದಿದ ಹಾರನ್

ಅಪ್ಪಾ,

ಇವತ್ತು ನಮ್ಮೂರ ಕಮ್ಯುನಿಟಿ ಕಾಲೇಜು ನನಗೆ ಎರಡು ವರ್ಷದ ಪದವಿ ಕೊಟ್ಟಿತು. ಈ ವಯಸ್ಸಿಗೆ, ಇತಿಹಾಸ, ತತ್ತ್ವಶಾಸ್ತ್ರ ಓದಿದ್ದಕ್ಕೆ. ಗದ್ದಲ ಬೇಡವೆಂದು ಡೀನ್ ಬೇಡಿಕೊಂಡರೂ ಪ್ರತಿ ಹೆಸರು ಕೂಗಿದಾಗಲೂ ಆಯಾ ಮನೆಯವರು ಕೈಲಿ ತಂದಿದ್ದ ಹಾರನ್ ಊದುತ್ತಿದ್ದರು. "ಮಾರ್ನಿ" ಎಂದು ನನ್ನ ಹೆಸರು ಕರೆದದ್ದೇ ತಡ, ತಮ್ಮ ವೆಂಡೆಲ್ ಎಲ್ಲರಿಗಿಂತ ಜೋರಾಗಿ ಊದಿದ.

ಹೊರಗೆ ಬಂದಾಗ ಅವನೇ ಅಂದ: "ಇಲ್ಲಿಗೆ ಸಾಕು ಬಿಡಕ್ಕಾ. ಸಾಲ ಮಾಡಿ ಯೂನಿವರ್ಸಿಟಿಗೆ ಹೋದ್ರೂ ಕೊನೆಗೆ ಈಗ ಕೆಲಸ ಮಾಡೋ ಅದೇ ಡೈನರ್ ಹೋಟೆಲ್‌ನಲ್ಲಿ ಮೊಟ್ಟೆ ಹುರೀತೀಯ. ಅಪ್ಪ ಇದ್ದಿದ್ರೆ ಇದನ್ನೇ ಹೇಳ್ತಿದ್ದ."

ನಮ್ಮವರೆಲ್ಲ ನಕ್ಕರು. ನಾನೂ ನಕ್ಕೆ. ಅದಕ್ಕೇ ಇಷ್ಟು ಸಿಟ್ಟು. ನಿನ್ನ ಮೇಲೋ ನನ್ನ ಮೇಲೋ ತಿಳಿಯುತ್ತಿಲ್ಲ.

ನಾನು ಯೂನಿವರ್ಸಿಟಿ ಸೇರುತ್ತೇನೆ. ನಿನ್ನ ಒಪ್ಪಿಗೆ ಬೇಕಿಲ್ಲ. ಆದರೆ "ಇದನ್ನಿಟ್ಕೊಂಡು ಏನ್ ಮಾಡ್ತೀಯೇ?" ಎಂದು ಯಾವಾಗಿನಂತೆ ಹಂಗಿಸುವುದಕ್ಕಾದರೂ ನೀನು ಅಲ್ಲಿರಬೇಕಿತ್ತು. ಈ ಸಲ ಉತ್ತರ ಕೊಡುತ್ತಿದ್ದೆ.